ಆ ಹಾಡು ಯಾರದ್ದು?

ಡಿಸೆಂಬರ್ ಬಂತು, ಮನೆಯಲ್ಲಿ ಮತ್ತೆ ‘ಲಾಸ್ಟ್ ಕ್ರಿಸ್ಮಸ್’ ಶುರು. ಮಗಳು ಅದನ್ನು ಟೇಲರ್ ಸ್ವಿಫ್ಟ್ ಹಾಡು ಅಂದುಕೊಂಡಿದ್ದಳು. ಅವಳ ತಪ್ಪಲ್ಲ, ಮೊದಲು ಕೇಳಿದ್ದೇ ಆ ದನಿಯಲ್ಲಿ.

ಹಾಡು ಹುಟ್ಟಿದ್ದು 1984ರಲ್ಲಿ. ಬ್ರಿಟನ್ನಿನ ಪಾಪ್ ಗಾಯಕರ ಜೋಡಿ ‘ವ್ಯಾಮ್’ನ ಜಾರ್ಜ್ ಮೈಕೇಲ್ ಬರೆದದ್ದು. ಅಪ್ಪ ಅಮ್ಮನ ಮನೆಯಲ್ಲಿ, ಚಿಕ್ಕಂದಿನ ತನ್ನ ಕೋಣೆಯಲ್ಲೇ ಕೂತು ರಾಗ ಹಾಕಿದರಂತೆ. ಜೊತೆಗಾರ ಆಂಡ್ರ್ಯೂ ರಿಜ್ಲಿ ಆಗ ಟೀವಿ ನೋಡುತ್ತಿದ್ದರಂತೆ! ಆಮೇಲೆ ಸ್ಟುಡಿಯೋದಲ್ಲಿ ವಾದ್ಯಗಳನ್ನು ನುಡಿಸಿದ್ದೂ ಜಾರ್ಜ್ ಒಬ್ಬರೇ.

ಆ ವರ್ಷ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಅದು ಎರಡನೇ ಸ್ಥಾನಕ್ಕೇ ನಿಂತಿತು. ಮೊದಲ ಸ್ಥಾನದಲ್ಲಿದ್ದದ್ದು ಇಥಿಯೋಪಿಯಾದ ಬರಗಾಲಕ್ಕಾಗಿ ಹಣ ಕೂಡಿಸಲು ಹಲವು ಗಾಯಕರು ಸೇರಿದ ‘ಬ್ಯಾಂಡ್ ಏಡ್’ ತಂಡದ ಹಾಡು. ಅದರಲ್ಲೂ ಜಾರ್ಜ್ ದನಿ ಇದೆ. ತನ್ನ ಹಾಡಿನ ಗಳಿಕೆಯನ್ನೂ ಅವರು ಅದೇ ಬರಕ್ಕೆ ಕೊಟ್ಟರು. ಇದು ನನಗೆ ತುಂಬಾ ಇಷ್ಟವಾದ ವಿಷಯ.

ಮೊದಲ ಸ್ಥಾನ ಕೊನೆಗೂ ಸಿಕ್ಕಿದ್ದು 2021ರ ಜನವರಿಯಲ್ಲಿ. ನೋಡೋಕೆ ಅವರಿರಲಿಲ್ಲ. 2016ರ ಕ್ರಿಸ್ಮಸ್ ದಿನವೇ ತೀರಿಹೋಗಿದ್ದರು.

ಅರಿಯಾನಾ ಗ್ರಾಂಡೆ, ಕಾರ್ಲಿ ರೇ ಜೆಪ್ಸೆನ್, ಎಷ್ಟೋ ಜನ ಹಾಡಿದ್ದಾರೆ, ಚೆನ್ನಾಗೇ ಇದೆ. ಆದರೆ ಕುಣಿಸುವ ತಾಳದ ಕೆಳಗೆ ಮನಸ್ಸು ಮುರಿದ ನೋವು ಕೇಳೋದು ಜಾರ್ಜ್ ದನಿಯಲ್ಲೇ ಜಾಸ್ತಿ, ಅಲ್ವಾ?

ನಿನ್ನೆ ಮಗಳಿಗೆ ಅದನ್ನು ಕೇಳಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಪ್ಪಾ, ಇನ್ನೊಂದ್ಸಲ ಹಾಕು” ಅಂದಳು.