ಟಾಪಿಲ್ಲದ ಮಿನಿ, ಹಳೇ ಮರೀನಾ ಮತ್ತು ಗುಡಿಬಂಡೆ ದಾರಿ

ಕನ್ವರ್ಟಿಬಲ್, ಅಂದರೆ ಟಾಪ್ ಮಡಚಿ ತೆಗೆಯಬಹುದಾದ ಕಾರಿನ ಮಜಾ ನೋಡಬೇಕಿದ್ದರೆ ನಂದಿ ಬೆಟ್ಟಕ್ಕೆ ಬೆಳಕು ಹರಿಯುವ ಹೊತ್ತಿಗೆ ಹೋಗಬೇಕು, ಅದೂ ವಾರದ ಮಧ್ಯೆ. ಭಾನುವಾರ ಹೋದರೆ ಮುಂದಿನ ಗಾಡಿಯ ಹೊಗೆ ಕುಡಿಯುವುದೇ ಆಗುತ್ತದೆ. ನಾವು ಹೋಗಿದ್ದು ಬುಧವಾರ. ಅಕ್ಕನ ಮಗ ಮಿನಿ ಕೂಪರ್ ಕನ್ವರ್ಟಿಬಲ್ ತಗೊಂಡಿದ್ದಾನೆ, ಸೆಕೆಂಡ್ ಹ್ಯಾಂಡೇ ಆದರೂ ನನ್ನ ಗಾಡಿ ಮುಂದೆ ಹೊಸದು. ನನ್ನದು 2005ರ ಟಾಟಾ ಇಂಡಿಗೋ ಮರೀನಾ, 1.4 ಲೀಟರ್ ಡೀಸೆಲ್. ಹೀಗೆ ಟಾಪ್ ಡಿಕ್ಕಿಯ ಕೊನೆವರೆಗೂ ಚಾಚಿಕೊಂಡ ಉದ್ದ ಕಾರುಗಳು, ಅಂದರೆ ಸ್ಟೇಷನ್ ವ್ಯಾಗನ್‌ಗಳು, ನಮ್ಮಲ್ಲಿ ಅಷ್ಟಾಗಿ ಮಾರಾಟವಾಗಲೇ ಇಲ್ಲ. ಈಗಲೂ ನೋಡಿದವರು "ಆಂಬುಲೆನ್ಸಾ ಸಾರ್?" ಅಂತ ಕೇಳುತ್ತಾರೆ.

ಚಿಕ್ಕಬಳ್ಳಾಪುರದಿಂದ ಎರಡೂ ಗಾಡಿ ಹೊರಟವು. ನಂದಿ ಗ್ರಾಮದಲ್ಲಿ ಭೋಗನಂದೀಶ್ವರನಿಗೆ ಹೊರಗಿಂದಲೇ ಕೈ ಮುಗಿದು ನಾನು ಮಿನಿಗೆ ಬಂದೆ, ಭಾವ ಮರೀನಾ ಹಿಡಿದರು.

"ಟಾಪ್ ತೆಗೀತೀನಿ, ನೋಡಿ ಮಾವ" ಅಂದ ಹುಡುಗ. ಸ್ವಿಚ್ ಒತ್ತಿದ, ಏನೂ ಆಗಲಿಲ್ಲ. ಡಿಕ್ಕಿಯೊಳಗೆ ಒಂದು ತಡಿಕೆ ಇದೆ. ಮಡಚಿದ ಟಾಪ್ ಅದರ ಮೇಲೆ ಬಂದು ಕೂರುತ್ತದೆ, ಅದನ್ನು ಕೆಳಗೆ ಇಳಿಸದಿದ್ದರೆ ಟಾಪ್ ಅಲ್ಲಾಡುವುದಿಲ್ಲ. ಅಕ್ಕ ತಿಂಡಿ ಬ್ಯಾಗು, ನೀರಿನ ಕ್ಯಾನು, ಜಮಖಾನ ಎಲ್ಲ ತುಂಬಿಸಿದ್ದರಿಂದ ತಡಿಕೆ ಮೇಲೇ ನಿಂತಿತ್ತು. ಟಾಪ್ ಮುಚ್ಚಿದ್ದರೆ ಡಿಕ್ಕಿ 215 ಲೀಟರ್, ತೆಗೆದರೆ 160. ಸಾಮಾನೆಲ್ಲ ಮರೀನಾಕ್ಕೆ ಹೋಯಿತು. ಅಲ್ಲಿ ಅದು ಒಂದು ಮೂಲೆಗೂ ಸಾಲಲಿಲ್ಲ! ಆಮೇಲೆ 18 ಸೆಕೆಂಡಲ್ಲಿ ಟಾಪ್ ಹಿಂದಕ್ಕೆ ಸರಿಯಿತು. ನಿಲ್ಲಿಸಲೇಬೇಕು ಅಂತಿಲ್ಲ, 30 ಕಿಲೋಮೀಟರ್ ವೇಗದವರೆಗೆ ಓಡುತ್ತಲೇ ತೆಗೆಯಬಹುದು.

ಘಾಟಿ ಹತ್ತಿದ್ದು ಮಾತ್ರ ಮರೆಯುವ ಹಾಗಿಲ್ಲ. ನೀಲಗಿರಿ ಎಲೆಯ ವಾಸನೆ, ತಣ್ಣನೆ ಗಾಳಿ, ಒಂದು ತಿರುವಿನಲ್ಲಿ ಮಂಜು ನೇರವಾಗಿ ಮಡಿಲಿಗೇ ಬಂತು ಅನ್ನಬೇಕು. ಹೀಟರ್ ಕಾಲಿಗೆ, ಚಳಿ ತಲೆಗೆ. ಬೆಟ್ಟ 1,478 ಮೀಟರ್ ಎತ್ತರ, ಮಿನಿ ಇಂಜಿನ್ನಿಗೆ ಅದೇನೂ ಲೆಕ್ಕಕ್ಕಿಲ್ಲ. ಹಿಂದೆ ಮರೀನಾ ಎರಡನೇ ಗೇರಲ್ಲಿ ಗೊರ್ರ್ ಅಂತ ಬರುತ್ತಿದ್ದುದು ಚೆನ್ನಾಗಿ ಕೇಳುತ್ತಿತ್ತು. ಟಾಪಿಲ್ಲವಲ್ಲ, ಎಲ್ಲ ಕೇಳುತ್ತದೆ.

ಟಿಪ್ಪು ಡ್ರಾಪ್, ಫೋಟೋ, ಕೆಳಗಿಳಿದು ಇಡ್ಲಿ. ಇದರ ಬಗ್ಗೆ ಎಲ್ಲರೂ ಬರೆದಿದ್ದಾರೆ, ಬಿಡಿ.

ಹೈದರಾಬಾದ್ ಹೆದ್ದಾರಿಗೆ ಬಂದ ಮೇಲೆ ಕಥೆಯೇ ಬೇರೆ. ವೇಗ 80 ದಾಟಿದರೆ ಗಾಳಿ ಮುಂದಿನಿಂದ ಬರುವುದಿಲ್ಲ, ಗ್ಲಾಸಿನ ಮೇಲೆ ಹಾದು ಹೋಗಿ ಸುತ್ತಿಕೊಂಡು ಹಿಂದಿನಿಂದ ಕುತ್ತಿಗೆಗೆ ಹೊಡೆಯುತ್ತದೆ. ಪಕ್ಕದಲ್ಲಿ ಲಾರಿ, ಅದರ ಚಕ್ರ ನಮ್ಮ ಕಿವಿಯ ಮಟ್ಟಕ್ಕೆ. ಒಂಬತ್ತೂವರೆ ಬಿಸಿಲಿಗೆ ನೆತ್ತಿ ಸುಡತೊಡಗಿತು. ಸುಮ್ನೆ ಟಾಪ್ ಮುಚ್ಚಿ ಎಸಿ ಹಾಕಿದೆವು. ಹಾಗೆ ಮುಚ್ಚಿಕೊಂಡು ಹೋಗೋದಾದರೆ ಇದೂ ಹಿಂದೆ ಕಾಲಿಗೆ ಜಾಗವಿಲ್ಲದ ಒಂದು ಸಣ್ಣ ಕಾರು, ಅಷ್ಟೆ.

ಪೇರೇಸಂದ್ರದಲ್ಲಿ ಹೆದ್ದಾರಿ ಬಿಟ್ಟು ಗುಡಿಬಂಡೆ ಕಡೆ ತಿರುಗಿದ ಮೇಲೆ ಮರೀನಾ ಗೆದ್ದಿತು. ಟಾಪ್ ಕತ್ತರಿಸಿದ ಕಾರಿನ ಬಾಡಿ ಬಿಗಿ ಕಳೆದುಕೊಳ್ಳುತ್ತದೆ, ಅದಕ್ಕೇ ತಳದಲ್ಲಿ ಜಾಸ್ತಿ ಲೋಹ ಕೊಡುತ್ತಾರೆ, ತೂಕವೂ ಏರುತ್ತದೆ. ಆದರೂ ಗುಂಡಿಗೆ ಬಿದ್ದಾಗ ಡ್ಯಾಶ್‌ಬೋರ್ಡ್ ಸಣ್ಣಗೆ ನಡುಗಿದ್ದು ಕೈಗೇ ಗೊತ್ತಾಯಿತು. ಟೈರೂ ಪಂಕ್ಚರ್ ಆದರೂ ಓಡುವ ಗಟ್ಟಿ ಗೋಡೆಯವು, ಒಂದೊಂದು ಕಲ್ಲೂ ಸೊಂಟಕ್ಕೆ ತಾಗುತ್ತದೆ. ಭಾವ ಮಾತ್ರ ಅದೇ ಗುಂಡಿಗಳ ಮೇಲೆ ಹಾಡು ಕೇಳಿಕೊಂಡು ಹೋದರು.

ಗುಡಿಬಂಡೆ ಕೋಟೆ ಬಿಸಿಲಲ್ಲಿ ಹತ್ತಿದೆವು. ಬೈರೇಗೌಡ ಕಟ್ಟಿಸಿದ್ದು ಅನ್ನುತ್ತಾರೆ, ಮೇಲಿಂದ ಭೈರಸಾಗರ ಕೆರೆ ಪೂರ್ತಿ ಕಾಣುತ್ತದೆ. ಇಳಿದು ಬಂದು ನೋಡಿದರೆ ಎಲ್ಲರೂ ಮರೀನಾ ಹತ್ತಿ ಕೂತಿದ್ದಾರೆ. ಅಕ್ಕ ಹಿಂದಿನ ಸೀಟಲ್ಲಿ ಕಾಲು ಚಾಚಿ, "ಆ ಗಾಡೀಲಿ ಮುಡಿದ ಹೂ ಉಳಿಯಲ್ಲ ಕಣೋ" ಅಂದಳು. ಮಿನಿಯಲ್ಲಿ ನಾನು, ಹುಡುಗ ಇಬ್ಬರೇ.

ವಾಪಸ್ ಬರುವಾಗ ತೋಟದ ಹತ್ತಿರ ಬೆಂಗಳೂರು ನೀಲಿ ದ್ರಾಕ್ಷಿ ಕ್ರೇಟ್ ಲೆಕ್ಕದಲ್ಲಿ ಸಿಕ್ಕಿತು. ಎಲ್ಲಿಗೆ ಹಾಕಿದೆವು ಅಂತ ಹೇಳಬೇಕಿಲ್ಲ, ಅಲ್ವಾ?

ನನ್ನನ್ನೇ ಕೇಳಿದರೆ, ಮುಂಜಾನೆಯ ಒಂದೆರಡು ತಾಸಿಗೆ ಮಿನಿ, ಉಳಿದ ದಿನವೆಲ್ಲ ಮರೀನಾ. ಹುಡುಗನಿಗೂ ಹಾಗೇ ಅನ್ನಿಸಿರಬೇಕು. ಮುಂದಿನ ತಿಂಗಳು ಸ್ನೇಹಿತನ ಗೃಹಪ್ರವೇಶಕ್ಕೆ ಪಾತ್ರೆ ಸಾಗಿಸಬೇಕಂತೆ, "ಮಾವ, ಮರೀನಾ ಒಂದಿನ ಕೊಡ್ತೀರಾ?" ಅಂದ. ಡೀಸೆಲ್ ಫುಲ್ ಮಾಡಿಸಿ ವಾಪಸ್ ಕೊಡು, ಅಲ್ಲಿವರೆಗೆ ನಿನ್ನ ಗಾಡಿ ಕೀ ನನ್ನ ಹತ್ತಿರ ಇರಲಿ ಅಂದಿದ್ದೇನೆ.