ವರ್ಷನ್ ನಂಬರ್ ಕೈಯಿಂದ ಬದಲಿಸುವುದನ್ನು ಬಿಟ್ಟೆ

ನಾನು ನೋಡಿಕೊಳ್ಳುವ ಒಂದು ಚಿಕ್ಕ ಪೈಥಾನ್ ಪ್ಯಾಕೇಜ್ (ಪೈಥಾನ್ ಭಾಷೆಯಲ್ಲಿ ಬರೆದ, ಬೇರೆಯವರು ಇಳಿಸಿಕೊಂಡು ಬಳಸುವ ಪ್ರೋಗ್ರಾಂ) ಇದೆ. ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿಟ್ಟ ಕನ್ನಡ ಫೈಲ್‌ಗಳನ್ನು ಯೂನಿಕೋಡ್‌ಗೆ ತಿರುಗಿಸುತ್ತದೆ, ಅಷ್ಟೇ ಅದರ ಕೆಲಸ. ಬಳಸುವವರು ಜಾಸ್ತಿ ಇಲ್ಲ. ಆದರೆ ಇರುವವರು ನಿಜವಾದ ಕೆಲಸಕ್ಕೇ ಬಳಸುತ್ತಾರೆ. ಊರ ಸಂಘದ ಹಳೇ ಸ್ಮರಣ ಸಂಚಿಕೆ, ಅಜ್ಜ ಬರೆದಿಟ್ಟ ಲೇಖನಗಳು, ಯಾವುದೋ ಪ್ರೆಸ್‌ನ ಸಿ.ಡಿ.ಯಲ್ಲಿ ವರ್ಷಗಟ್ಟಲೆ ಕೂತಿದ್ದ ಪುಸ್ತಕದ ಫೈಲು. ಹಾಗಾಗಿ ಪ್ರತಿ ರಿಲೀಸ್ ಮಾಡುವಾಗಲೂ ನನಗೆ ಸ್ವಲ್ಪ ಎದೆ ಡವಡವ ಅನ್ನುತ್ತದೆ.

ಈ ಪ್ಯಾಕೇಜಿನ ವರ್ಷನ್ ನಂಬರ್ ನಾಲ್ಕು ಕಡೆ ಬರೆದಿತ್ತು. ಪೈಪ್ರಾಜೆಕ್ಟ್.ಟಾಮ್ಲ್ ಫೈಲಿನಲ್ಲಿ ಒಂದು, ಪ್ಯಾಕೇಜ್ ಇನ್‌ಸ್ಟಾಲ್ ಮಾಡುವ ಪಿಪ್ ನೋಡುವುದು ಇದನ್ನು. ಕೋಡ್ ಒಳಗಿನ ಇನಿಟ್ ಫೈಲಿನಲ್ಲಿ ಇನ್ನೊಂದು, ಟರ್ಮಿನಲ್‌ನಲ್ಲಿ ವರ್ಷನ್ ಕೇಳಿದರೆ ಪ್ರಿಂಟ್ ಆಗುವುದು ಇದು. ಡಾಕ್ಯುಮೆಂಟೇಶನ್‌ನ ಸೆಟ್ಟಿಂಗ್ಸ್‌ನಲ್ಲಿ ಮೂರನೆಯದು, ರೀಡ್‌ಮೀಯಲ್ಲಿ ನಾಲ್ಕನೆಯದು. ನಾಲ್ಕನ್ನೂ ಕೈಯಿಂದಲೇ ತಿದ್ದುತ್ತಿದ್ದೆ. ಎಷ್ಟೋ ಸಲ ಸರಿಯಾಗಿಯೇ ತಿದ್ದಿದ್ದೆ.

0.8.3 ಬಿಟ್ಟ ದಿನ ಇನಿಟ್ ಫೈಲ್ ತಿದ್ದಲು ಮರೆತೆ.

ಎರಡು ದಿನ ಬಿಟ್ಟು ಒಬ್ಬರು ಬರೆದರು. ಒತ್ತಕ್ಷರ ಇನ್ನೂ ತಪ್ಪು ಬರುತ್ತಿದೆ ಎಂದರು. ವರ್ಷನ್ ಎಷ್ಟು ಎಂದು ಕೇಳಿದೆ. 0.8.2 ಎಂದರು. ಅಪ್‌ಗ್ರೇಡ್ ಮಾಡಿ ಎಂದೆ, ಮಾಡಿದರು, ಮತ್ತೆ 0.8.2. ಕ್ಯಾಶ್ ಅಳಿಸಿ ಎಂದೆ, ಹೊಸ ಎನ್ವಿರಾನ್ಮೆಂಟ್ ಮಾಡಿ ಎಂದೆ, ಪಾಪ ಅವರು ಹೇಳಿದ್ದೆಲ್ಲವನ್ನೂ ತಾಳ್ಮೆಯಿಂದ ಮಾಡಿದರು, ಆದರೂ ಅದೇ 0.8.2. ಕೊನೆಗೆ ನನ್ನದೇ ಮೆಷಿನ್‌ನಲ್ಲಿ ಇನ್‌ಸ್ಟಾಲ್ ಮಾಡಿ ನೋಡಿದಾಗ ಗೊತ್ತಾಯಿತು: ಅವರ ಹತ್ತಿರ ಇದ್ದದ್ದು 0.8.3, ಅದು ತನ್ನ ಹೆಸರನ್ನು ತಪ್ಪು ಹೇಳುತ್ತಿತ್ತು. ಅವರು ಹೇಳಿದ ಬಗ್ ನಿಜವಾದ, ಹೊಸ ಬಗ್. ನಾನು ಅವರ ಮಾತು ನಂಬದೆ ನಂಬರನ್ನು ನಂಬಿದ್ದೆ. ಇದು ನನಗೆ ತುಂಬಾ ಬೇಜಾರಾದ ವಿಷಯ.

ಸರಿ ಮಾಡಿ ಅದೇ 0.8.3 ಅನ್ನು ಮತ್ತೆ ಅಪ್‌ಲೋಡ್ ಮಾಡೋಣ ಎಂದರೆ ಪೈಥಾನ್ ಪ್ಯಾಕೇಜ್‌ಗಳನ್ನು ಇಟ್ಟು ಹಂಚುವ ತಾಣ ಪೈಪಿಐ ಬಿಡುವುದಿಲ್ಲ. ಒಮ್ಮೆ ಒಂದು ಹೆಸರಿನ ಫೈಲ್ ಹೋಯಿತೆಂದರೆ, ಅಳಿಸಿದರೂ ಅದೇ ಹೆಸರಲ್ಲಿ ಮತ್ತೆ ಹಾಕಲು ಆಗುವುದಿಲ್ಲ. ಒಳ್ಳೆಯ ನಿಯಮ ಅದು. ಇಲ್ಲದಿದ್ದರೆ ನಿನ್ನೆ ಇನ್‌ಸ್ಟಾಲ್ ಮಾಡಿದವರ 0.8.3 ಒಂದು, ಇವತ್ತು ಮಾಡಿದವರ 0.8.3 ಇನ್ನೊಂದು ಆಗುತ್ತದೆ. ನಂಬರ್ ತಿದ್ದುವುದಕ್ಕೆಂದೇ 0.8.4 ಬಿಟ್ಟೆ.

ಆಮೇಲೆ ಎಲ್ಲರೂ ಮಾಡುವುದನ್ನೇ ಮಾಡಿದೆ, ಫೈಲಿನಲ್ಲಿ ಪದ ಹುಡುಕಿ ಬದಲಿಸುವ ಸೆಡ್ ಎಂಬ ಕಮಾಂಡ್ ಹಾಕಿ ಎರಡು ಸಾಲಿನ ಸ್ಕ್ರಿಪ್ಟ್ ಬರೆದೆ. ಹಳೇ ನಂಬರ್ ಹುಡುಕು, ಹೊಸದನ್ನು ಇಡು. ಕೆಲವು ತಿಂಗಳು ಚೆನ್ನಾಗಿ ನಡೆಯಿತು. 1.2.0 ದಿಂದ 1.2.1 ಕ್ಕೆ ಹೋಗುವಾಗ ಕೈ ಕೊಟ್ಟಿತು, ಯಾಕೆಂದರೆ ನಾನು ಬಳಸುತ್ತಿದ್ದ ಬೇರೆ ಒಂದು ಲೈಬ್ರರಿಯ ವರ್ಷನ್ ಕೂಡ 1.2.0 ಆಗಿತ್ತು, ಅದನ್ನೂ ಅದೇ ಪೈಪ್ರಾಜೆಕ್ಟ್ ಫೈಲಿನಲ್ಲಿ ಬರೆದಿದ್ದೆ. ಸೆಡ್ ಎರಡನ್ನೂ 1.2.1 ಮಾಡಿತು. ಆ ಲೈಬ್ರರಿಗೆ 1.2.1 ಅನ್ನುವುದೇ ಇರಲಿಲ್ಲ. ಇನ್‌ಸ್ಟಾಲ್ ನಿಂತೇ ಹೋಯಿತು. ಇನ್ನೊಂದು ವಿಷಯ ಆಗಲೇ ಕಲಿತೆ: ಸೆಡ್‌ಗೆ ಚುಕ್ಕಿ ಎಂದರೆ ಚುಕ್ಕಿ ಅಲ್ಲ, ಯಾವ ಅಕ್ಷರವಾದರೂ ಸೈ. ಅಂದರೆ 1.2.0 ಎಂದು ಹುಡುಕಿದರೆ 15270 ಕೂಡ ಸಿಗುತ್ತದೆ. ಟೆಸ್ಟ್ ಫೈಲುಗಳಲ್ಲಿ ಅಂಥ ನಂಬರ್ ಇದ್ದರೆ ಯೋಚಿಸಿ.

ಆಗ ಸಿಕ್ಕಿದ್ದು ಬಂಪ್-ಮೈ-ವರ್ಷನ್, ವರ್ಷನ್ ನಂಬರ್ ಏರಿಸುವ (ಅದಕ್ಕೆ ಬಂಪ್ ಎನ್ನುತ್ತಾರೆ) ಒಂದು ಟೂಲ್. ಇದರ ಹಿಂದೆ ಒಂದು ವಂಶಾವಳಿ ಇದೆ. ಮೊದಲು ಬಂಪ್‌ವರ್ಷನ್ ಇತ್ತು, ಅದರ ಕೆಲಸ ನಿಂತಾಗ ಬಂಪ್2ವರ್ಷನ್ ಎಂಬ ಫೋರ್ಕ್ (ಅದೇ ಕೋಡ್ ತೆಗೆದುಕೊಂಡು ಬೇರೆಯವರು ಮುಂದುವರಿಸಿದ್ದು) ಬಂತು, ಅದೂ ನಿಂತಿತು, ಈಗ ಅದರ ರೀಡ್‌ಮೀಯೇ ಬಂಪ್-ಮೈ-ವರ್ಷನ್ ಕಡೆ ಹೋಗಿ ಎನ್ನುತ್ತದೆ. ಹಳೇ ಟ್ಯುಟೋರಿಯಲ್ ನೋಡಿ ಮೊದಲ ಎರಡರಲ್ಲಿ ಸಿಕ್ಕಿಕೊಂಡವರು ಬಹಳ ಜನ ಇದ್ದಾರೆ, ಅದಕ್ಕೇ ಹೇಳಿದೆ. ಪೈಥಾನ್‌ನಲ್ಲಿ ಬರೆದ ಟೂಲ್ ಆದರೂ ಪ್ರಾಜೆಕ್ಟ್ ಯಾವ ಭಾಷೆಯದ್ದಾದರೂ ನಡೆಯುತ್ತದೆ, ಅದಕ್ಕೆ ಬೇಕಾಗಿರುವುದು ಫೈಲು ಮತ್ತು ಅದರೊಳಗಿನ ಸಾಲು ಮಾತ್ರ.

ಕೆಲಸ ಮಾಡುವ ರೀತಿ ಸರಳ. ಪೈಪ್ರಾಜೆಕ್ಟ್ ಫೈಲಿನಲ್ಲೇ ಟೂಲ್.ಬಂಪ್‌ವರ್ಷನ್ ಎಂಬ ಭಾಗ ಇಡಬೇಕು. ಈಗಿನ ವರ್ಷನ್ ಇದು ಎಂದು ಅಲ್ಲಿ ಒಂದು ಸಾಲು. ಆಮೇಲೆ ಯಾವ ಯಾವ ಫೈಲಿನಲ್ಲಿ ಬದಲಿಸಬೇಕು ಎಂದು ಒಂದೊಂದಾಗಿ. ಪ್ರತಿ ಫೈಲಿಗೂ ಏನನ್ನು ಹುಡುಕಬೇಕು ಎಂದು ನಾವೇ ಹೇಳಬಹುದು, ಮತ್ತು ನನ್ನ ಪ್ರಕಾರ ಇಡೀ ಟೂಲಿನ ಜೀವ ಇರುವುದು ಇಲ್ಲೇ. ಏನೂ ಹೇಳದಿದ್ದರೆ ಅದು ಬರೀ ನಂಬರನ್ನು ಹುಡುಕುತ್ತದೆ, ಆಗ ನನ್ನ ಸೆಡ್ ಸ್ಕ್ರಿಪ್ಟಿಗೆ ಆದ ಗತಿಯೇ ಇದಕ್ಕೂ ಆಗಬಹುದು. ಬದಲಿಗೆ ಸಾಲಿನ ಆರಂಭದಿಂದ ಹೇಳಿ: 'ವರ್ಷನ್' ಎಂಬ ಪದ, ಸಮ ಚಿಹ್ನೆ, ಉದ್ಧರಣ ಚಿಹ್ನೆ, ಆಮೇಲೆ ಈಗಿನ ವರ್ಷನ್. ಆಗ ಪಕ್ಕದ ಲೈಬ್ರರಿಯ ನಂಬರ್ ಅದೇ ಆಗಿದ್ದರೂ ಅದನ್ನು ಮುಟ್ಟುವುದಿಲ್ಲ. ಹುಡುಕಿದ್ದು ಒಂದು ಫೈಲಿನಲ್ಲಿ ಸಿಗಲಿಲ್ಲ ಎಂದರೆ ಎರರ್ ಕೊಟ್ಟು ನಿಲ್ಲುತ್ತದೆ. ಈ ನಿಲ್ಲುವುದೇ ನನಗೆ ಬೇಕಾಗಿತ್ತು. 0.8.3 ರ ದಿನ ಯಾರಾದರೂ ಹೀಗೆ ನಿಲ್ಲಿಸಿದ್ದರೆ ಅವರ ಅಷ್ಟು ಸಮಯ ಹಾಳಾಗುತ್ತಿರಲಿಲ್ಲ.

ಕಮಿಟ್ (ಕೋಡಿನ ಬದಲಾವಣೆಗಳನ್ನು ನೆನಪಿಡುವ ಗಿಟ್‌ನಲ್ಲಿ ಒಂದು ದಾಖಲೆ) ಮತ್ತು ಟ್ಯಾಗ್ (ಆ ದಾಖಲೆಗೆ ಅಂಟಿಸುವ ಹೆಸರು) ಎರಡನ್ನೂ ಆನ್ ಮಾಡಿಟ್ಟುಕೊಳ್ಳಿ, ಮೊದಲಿಗೆ ಆಫ್ ಇರುತ್ತವೆ. ಆನ್ ಮಾಡಿದ ಮೇಲೆ 'ಬಂಪ್-ಮೈ-ವರ್ಷನ್ ಬಂಪ್ ಪ್ಯಾಚ್' ಎಂದು ಟೈಪ್ ಮಾಡಿದರೆ ಸಾಕು (ಪ್ಯಾಚ್ ಅಂದರೆ ಕೊನೆಯ ಸಂಖ್ಯೆ ಏರಿಸು ಎಂದು). ನಾಲ್ಕೂ ಫೈಲು ಬದಲಾಗುತ್ತವೆ, ಗಿಟ್‌ನಲ್ಲಿ ಒಂದು ಕಮಿಟ್ ಬೀಳುತ್ತದೆ, ಅದರ ಮೇಲೆ ವಿ ಅಕ್ಷರದಿಂದ ಶುರುವಾಗುವ ಟ್ಯಾಗ್ ಕೂರುತ್ತದೆ. ಪುಶ್ ಮಾತ್ರ, ಅಂದರೆ ಅದನ್ನು ಸರ್ವರ್‌ಗೆ ಕಳಿಸುವುದನ್ನು, ಮಾಡುವುದಿಲ್ಲ. ಅದು ನಮ್ಮ ಕೈಯಲ್ಲೇ ಉಳಿಯುತ್ತದೆ, ಮತ್ತು ಹಾಗೇ ಇರಬೇಕು. ಪುಶ್ ಮಾಡುವ ಮೊದಲು ತಪ್ಪು ಕಂಡರೆ ಟ್ಯಾಗ್ ಅಳಿಸಿ, ಕಮಿಟ್ ಹಿಂದಕ್ಕೆ ತೆಗೆದುಕೊಂಡು ಮತ್ತೆ ಶುರು ಮಾಡಬಹುದು, ಯಾರಿಗೂ ತೊಂದರೆ ಇಲ್ಲ.

ಕಮಿಟ್ ಆಗದ ಬದಲಾವಣೆಗಳು ಇದ್ದರೆ ಅದು ಬಂಪ್ ಮಾಡಲು ಒಪ್ಪುವುದಿಲ್ಲ. ಅಲೋ-ಡರ್ಟಿ ಎಂಬ ಆಯ್ಕೆ ಇದೆ, ಅದನ್ನು ಕೊಟ್ಟರೆ ಸುಮ್ಮನಾಗುತ್ತದೆ. ದಯವಿಟ್ಟು ಅಭ್ಯಾಸ ಮಾಡಿಕೊಳ್ಳಬೇಡಿ. ಡ್ರೈ-ರನ್ ಮಾತ್ರ ಅಭ್ಯಾಸ ಮಾಡಿಕೊಳ್ಳಿ, ಅದರ ಜೊತೆ ವರ್ಬೋಸ್ ಕೂಡ ಹಾಕಿದರೆ ಯಾವ ಫೈಲಿನ ಯಾವ ಸಾಲು ಏನಾಗುತ್ತದೆ ಎಂದು ಮುಂಚೆಯೇ ತೋರಿಸುತ್ತದೆ, ಏನನ್ನೂ ಬದಲಿಸುವುದಿಲ್ಲ. ನನಗೆ ಎಲ್ಲಕ್ಕಿಂತ ಇಷ್ಟ ಶೋ-ಬಂಪ್. ಈಗ 1.4.2 ಇದ್ದರೆ, ಮೇಜರ್ ಅಂದರೆ 2.0.0, ಮೈನರ್ ಅಂದರೆ 1.5.0, ಪ್ಯಾಚ್ ಅಂದರೆ 1.4.3 ಎಂದು ಮೂರು ಕೊಂಬೆಯ ಮರದ ಹಾಗೆ ಬಿಡಿಸಿ ತೋರಿಸುತ್ತದೆ.

1.9 ಆದ ಮೇಲೆ 1.10 ಬಂದಾಗ ಹೊಸಬರಿಗೆ ಗೊಂದಲ ಆಗುತ್ತದೆ, ಅಲ್ವಾ? ದಶಮಾಂಶದ ಲೆಕ್ಕದಲ್ಲಿ 1.10 ಚಿಕ್ಕದು. ನಮ್ಮ ಕಡೆ ಜಮೀನು ಇದ್ದವರಿಗೆ ನಾನು ಹೀಗೆ ಹೇಳುತ್ತೇನೆ: ಪಹಣಿಯಲ್ಲಿ ಸರ್ವೆ ನಂಬರ್ ನೋಡಿದ್ದೀರಲ್ಲ, 45/9 ಆದ ಮೇಲೆ 45/10 ಬರುತ್ತದೆ, ಅದನ್ನು ಯಾರೂ ಭಾಗಾಕಾರ ಮಾಡುವುದಿಲ್ಲ. ಇದೂ ಹಾಗೇ, ಮೂರು ಬೇರೆ ಬೇರೆ ಪೂರ್ಣ ಸಂಖ್ಯೆಗಳು, ನಡುವೆ ಚುಕ್ಕಿ. ಮನುಷ್ಯರು ಬೇಗ ಒಪ್ಪುತ್ತಾರೆ, ಕಂಪ್ಯೂಟರ್ ಒಪ್ಪುವುದಿಲ್ಲ. ಯಾಮೆಲ್ ಎಂಬ ಬಗೆಯ ಸೆಟ್ಟಿಂಗ್ಸ್ ಫೈಲಿನಲ್ಲಿ ಪೈಥಾನ್ 3.10 ಎಂದು ಉದ್ಧರಣ ಚಿಹ್ನೆ ಇಲ್ಲದೆ ಬರೆದರೆ ಅದು 3.1 ಆಗಿಬಿಡುತ್ತದೆ.

ಇಷ್ಟೆಲ್ಲ ಮಾಡುವ ಟೂಲ್ ಒಂದನ್ನು ಮಾತ್ರ ಮಾಡುವುದಿಲ್ಲ. ಮೂರು ಕೊಂಬೆಯಲ್ಲಿ ಯಾವುದು ಎಂದು ಹೇಳುವುದಿಲ್ಲ. ನಾನು ಈ ಪೋಸ್ಟ್ ಬರೆಯಲು ಕೂತದ್ದೇ ಇದಕ್ಕಾಗಿ.

ನಿಯಮ ಎಲ್ಲರಿಗೂ ಗೊತ್ತು. ಕೋಡ್ ಇಡುವ ತಾಣ ಗಿಟ್‌ಹಬ್ ಕಟ್ಟಿದವರಲ್ಲಿ ಒಬ್ಬರಾದ ಟಾಮ್ ಪ್ರೆಸ್ಟನ್-ವರ್ನರ್ ಬರೆದ ಸೆಮ್ಯಾಂಟಿಕ್ ವರ್ಷನಿಂಗ್ ಪ್ರಕಾರ, ಬಗ್ ಸರಿ ಮಾಡಿದರೆ ಪ್ಯಾಚ್, ಹಳೆಯದನ್ನು ಕೆಡಿಸದೆ ಹೊಸದು ಸೇರಿಸಿದರೆ ಮೈನರ್, ಹಳೆಯದು ಮುರಿದರೆ ಮೇಜರ್. ಓದಲು ಸುಲಭ. ಈಗ ನನ್ನ ರ‍್ಯಾಂಕ್ ಕಥೆ ಕೇಳಿ.

ಕನ್ನಡದಲ್ಲಿ ರ ಮತ್ತು ಯ ಸೇರಿದಾಗ ಎರಡು ರೂಪ ಇದೆ. ಸೂರ್ಯ ಬರೆಯುವಾಗ ಯ ಮುಂದೆ ಬಂದು ರ ಅರ್ಕಾವತ್ತಾಗಿ ಪಕ್ಕದಲ್ಲಿ ಕೂರುತ್ತದೆ. ರ‍್ಯಾಂಕ್ ಬರೆಯುವಾಗ ರ ಪೂರ್ತಿಯಾಗಿ ನಿಂತು ಯ ಒತ್ತಾಗುತ್ತದೆ. ಯೂನಿಕೋಡ್‌ನಲ್ಲಿ ಈ ಎರಡನೇ ರೂಪ ಬರಬೇಕೆಂದರೆ ರ ಆದ ಮೇಲೆ ಕಣ್ಣಿಗೆ ಕಾಣದ ಒಂದು ಅಕ್ಷರ ಇಡಬೇಕು, ಜೀರೋ ವಿಡ್ತ್ ಜಾಯ್ನರ್. ನನ್ನ ಪ್ಯಾಕೇಜ್ ಮೊದಲು ಅದನ್ನು ಇಡುತ್ತಿರಲಿಲ್ಲ. ರ‍್ಯಾಂಕ್ ಹೋಗಿ ರ್ಯಾಂಕ್ ಆಗುತ್ತಿತ್ತು, ಓದುವವರಿಗೆ ಕಿರಿಕಿರಿ. ಇದು ಬಗ್ ತಾನೇ? ಸರಿ ಮಾಡಿದೆ. ಬಗ್ ಸರಿ ಮಾಡಿದ್ದರಿಂದ ಪ್ಯಾಚ್ ಎಂದುಕೊಂಡೆ, ಎರಡು ಸೆಕೆಂಡ್ ಕೂಡ ಯೋಚಿಸದೆ ಬಂಪ್ ಮಾಡಿದೆ, 1.2.4 ಹೊರಟಿತು.

ಒಬ್ಬರು ನನ್ನ ಪ್ಯಾಕೇಜಿನಿಂದ ತಿರುಗಿಸಿದ ಸಾವಿರಾರು ಪುಟಗಳ ಮೇಲೆ ಹುಡುಕುವ ವ್ಯವಸ್ಥೆ ಕಟ್ಟಿದ್ದರು. ಅವರ ಸರ್ವರ್ ತಾನಾಗಿಯೇ 1.2.4 ತೆಗೆದುಕೊಂಡಿತು. ಹಳೇ ಪುಟಗಳಲ್ಲಿ ಕಾಣದ ಅಕ್ಷರ ಇಲ್ಲ, ಹೊಸ ಪುಟಗಳಲ್ಲಿ ಇದೆ. ನೋಡಲು ಎಲ್ಲ ಸರಿ, ಹುಡುಕಿದರೆ ಅರ್ಧ ಸಿಗುವುದಿಲ್ಲ. ಕಾರಣ ಹುಡುಕಲು ಅವರಿಗೆ ಒಂದು ವಾರ ಬೇಕಾಯಿತು.

ನಾನು ಮಾಡಿದ್ದು ತಪ್ಪೇ. ಬಗ್ ಸರಿ ಮಾಡಿದ್ದಲ್ಲ, ಅದನ್ನು ಪ್ಯಾಚ್ ಎಂದು ಕರೆದದ್ದು. ತಿರುಗಿಸುವ ಟೂಲಿಗೆ ಅದರ ಔಟ್‌ಪುಟ್ಟೇ ಮಾತು ಕೊಟ್ಟ ಹಾಗೆ. ಒಂದು ಅಕ್ಷರ ಬದಲಾದರೂ, ಅದು ಕಾಣದ ಅಕ್ಷರವೇ ಆದರೂ, ಮಾತು ಬದಲಾಯಿತು. 1.2.4 ಅನ್ನು ಪೈಪಿಐಯಲ್ಲಿ ಯಾಂಕ್ ಮಾಡಿದೆ. ಯಾಂಕ್ ಮಾಡಿದರೆ ಫೈಲ್ ಅಳಿಯುವುದಿಲ್ಲ, ಅದೇ ನಂಬರ್ ಹೆಸರಿಸಿ ಕೇಳಿದವರಿಗೆ ಸಿಗುತ್ತದೆ, ಉಳಿದವರಿಗೆ ಪಿಪ್ ಅದನ್ನು ಆರಿಸುವುದಿಲ್ಲ. ಹಳೇ ನಡವಳಿಕೆ ವಾಪಸ್ ತಂದು 1.2.5 ಬಿಟ್ಟೆ, ಜಾಯ್ನರ್ ಸೇರಿಸಿದ್ದನ್ನು 2.0.0 ಮಾಡಿ, ಹಳೇ ಫೈಲುಗಳನ್ನು ಮತ್ತೊಮ್ಮೆ ತಿರುಗಿಸಬೇಕು ಎಂದು ಮೊದಲ ಸಾಲಿನಲ್ಲೇ ಬರೆದೆ.

ಕಮಿಟ್ ಮೆಸೇಜ್ ಓದಿ ತಾನೇ ನಂಬರ್ ನಿರ್ಧರಿಸುವ ಟೂಲುಗಳೂ ಇವೆ, ಸೆಮ್ಯಾಂಟಿಕ್-ರಿಲೀಸ್ ಅಂಥದ್ದು. 'ಫಿಕ್ಸ್' ಎಂದು ಶುರುವಾದರೆ ಪ್ಯಾಚ್, 'ಫೀಟ್' (ಫೀಚರ್ ಎಂಬುದರ ಚಿಕ್ಕ ರೂಪ) ಎಂದಿದ್ದರೆ ಮೈನರ್. ದಿನಕ್ಕೆ ಹತ್ತು ಸಲ ರಿಲೀಸ್ ಮಾಡುವ ದೊಡ್ಡ ತಂಡಕ್ಕೆ ಅದು ಬೇಕು, ಒಪ್ಪುತ್ತೇನೆ. ಆದರೆ ನನ್ನ ರ‍್ಯಾಂಕ್ ಕಮಿಟ್‌ನ ಮೆಸೇಜ್ ಕೂಡ 'ಫಿಕ್ಸ್' ಎಂದೇ ಶುರುವಾಗಿತ್ತು. ಪ್ರಾಮಾಣಿಕವಾಗಿಯೇ ಬರೆದಿದ್ದೆ. ಅದೂ 1.2.4 ಎಂದೇ ಹೇಳುತ್ತಿತ್ತು. ನಾನೊಬ್ಬನೇ ತಿಂಗಳಿಗೊಮ್ಮೆ ರಿಲೀಸ್ ಮಾಡುವ ಕಡೆ, ಆ ಪದವನ್ನು ನನ್ನ ಕೈಯಿಂದಲೇ ಟೈಪ್ ಮಾಡಲು ಇಷ್ಟಪಡುತ್ತೇನೆ. ನಾಲ್ಕು ಫೈಲು ತಿದ್ದುವ ತಲೆನೋವು ಹೋದ ಮೇಲೆ ಆ ಒಂದು ಪದಕ್ಕೆ ಕೊಡಲು ಸಮಯ ಸಿಗುತ್ತಿದೆ.

ಈಗ ಶೋ-ಬಂಪ್ ಓಡಿಸಿ ಆ ಮರ ನೋಡುತ್ತಾ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದನ್ನು ಕೇಳದೆಯೇ ಪಡೆಯುವವರು ಯಾರು? ಪ್ಯಾಚ್ ಅಂದರೆ ಅವರಲ್ಲಿ ಹೆಚ್ಚಿನವರು ಬದಲಾವಣೆಯ ಪಟ್ಟಿ ಓದುವುದೇ ಇಲ್ಲ. ಓದದವರ ಮೆಷಿನ್‌ನಲ್ಲಿ ಇದು ಸುಮ್ನೆ ಕೂತು ನಡೆಯುತ್ತದೆಯೇ? ಹೌದು ಅನ್ನಿಸಿದರೆ ಮಾತ್ರ ಪ್ಯಾಚ್.

ಮುಂದಿನ ರಿಲೀಸ್‌ಗೆ ಇನ್ನೊಂದು ಪ್ರಶ್ನೆ ಬಂದಿದೆ. ಪೈಥಾನ್ 3.9 ರ ಆಯಸ್ಸು 2025 ರ ಅಕ್ಟೋಬರ್‌ಗೆ ಮುಗಿಯಿತು, ನಾನೂ ಅದನ್ನು ಬಿಡಬೇಕು ಎಂದಿದ್ದೇನೆ. ಹಳೆಯದನ್ನು ಮುರಿದಂತಾಯಿತು, ಹಾಗಾದರೆ 3.0.0 ಅಲ್ವಾ ಎಂದು ಒಬ್ಬ ಗೆಳೆಯ ಕೇಳಿದ. ಎರಡು ದಿನ ಯೋಚಿಸಿದೆ. ಯಾವ ಪೈಥಾನ್ ಬೇಕು ಎಂದು ಹೇಳುವ ರಿಕ್ವೈರ್ಸ್-ಪೈಥಾನ್ ಸಾಲಿನಲ್ಲಿ 3.10 ಅಥವಾ ಅದಕ್ಕಿಂತ ಹೊಸದು ಎಂದು ಬರೆದಿಟ್ಟರೆ, 3.9 ಇಟ್ಟುಕೊಂಡವರಿಗೆ ಪಿಪ್ ಹೊಸದನ್ನು ಕೊಡುವುದೇ ಇಲ್ಲ, ಅವರಿಗೆ ಹೊಂದುವ ಹಳೆಯದನ್ನೇ ಕೊಡುತ್ತದೆ. ಯಾರ ಔಟ್‌ಪುಟ್ಟೂ ಬದಲಾಗುವುದಿಲ್ಲ. ಮೈನರ್ ಎಂದು ತೀರ್ಮಾನಿಸಿದ್ದೇನೆ. ಡ್ರೈ-ರನ್ ಆಗಿದೆ, ನಾಲ್ಕೂ ಫೈಲು ಸರಿ ತೋರಿಸಿತು. ಭಾನುವಾರ ಬೆಳಗ್ಗೆ 2.1.0 ಬಿಡುತ್ತೇನೆ.