ಸೇಂಟ್ ಲೂಯಿಸ್‌ನಿಂದ ಪೀ ರಿಜ್‌ವರೆಗೆ: ಜರ್ಮನ್ ಸಿಪಾಯಿಗಳ ಜಾಡು ಹಿಡಿದು

ಅಮೆರಿಕದ ಅಂತರ್ಯುದ್ಧದ ಜಾಗಗಳನ್ನು ನೋಡಲು ಹೊರಡುವ ನಮ್ಮವರು ಸಾಮಾನ್ಯವಾಗಿ ಪೂರ್ವಕ್ಕೆ ಹೋಗುತ್ತಾರೆ. ಗೆಟ್ಟಿಸ್‌ಬರ್ಗ್, ಅಲ್ಲಿಂದ ವಾಷಿಂಗ್ಟನ್. ನೋಡಲೇಬೇಕಾದ ಜಾಗಗಳು, ಎರಡು ಮಾತಿಲ್ಲ. ಆದರೆ ಬೇರೆ ದೇಶದಿಂದ ಬಂದು ನೆಲೆಸಿದವರು ಆ ಯುದ್ಧದಲ್ಲಿ ಏನು ಮಾಡಿದರು ಎಂದು ತಿಳಿಯುವ ಆಸೆ ಇದ್ದರೆ ಮಿಸೌರಿಗೆ ಬನ್ನಿ. ಲಿಂಕನ್ ಪರವಾಗಿ ಹೋರಾಡಿದ ಉತ್ತರದ ಸೇನೆಯಲ್ಲಿ ಜರ್ಮನಿಯಲ್ಲಿ ಹುಟ್ಟಿದವರೇ ಸುಮಾರು 2 ಲಕ್ಷ ಜನ ಇದ್ದರು. ಅಂದರೆ ಹತ್ತು ಸಿಪಾಯಿಗಳಲ್ಲಿ ಹೆಚ್ಚುಕಡಿಮೆ ಒಬ್ಬ. ಅವರ ಕಥೆ ಆರಂಭದಿಂದ ಒಂದೇ ದಾರಿಯಲ್ಲಿ ಸಿಗುವುದು ಇಲ್ಲಿ.

ನಾವು ಹೋದ ದಾರಿ ಹೀಗಿದೆ: ಸೇಂಟ್ ಲೂಯಿಸ್, ಹರ್ಮನ್, ಸ್ಪ್ರಿಂಗ್‌ಫೀಲ್ಡ್ ಹತ್ತಿರದ ವಿಲ್ಸನ್ಸ್ ಕ್ರೀಕ್, ಕೊನೆಗೆ ಆರ್ಕನ್ಸಾ ರಾಜ್ಯದ ಪೀ ರಿಜ್. ಇದನ್ನು ಇದೇ ಕ್ರಮದಲ್ಲಿ ಮಾಡಿ ಎಂದು ಒತ್ತಿ ಹೇಳುತ್ತೇನೆ. ಉಲ್ಟಾ ಹೋದರೆ ಗೆಲುವು ಮೊದಲು, ಸೋಲು ಆಮೇಲೆ ಬರುತ್ತದೆ. ಈ ಜನ ಯಾಕೆ ಬಂದೂಕು ಹಿಡಿದರು ಎನ್ನುವುದು ಕೊನೆಯವರೆಗೂ ಗೊತ್ತಾಗುವುದಿಲ್ಲ. ನಾಲ್ಕು ದಿನ ಇಟ್ಟುಕೊಂಡರೆ ಆರಾಮಾಗಿ ಆಗುತ್ತದೆ. ಕಾರು ಬೇಕೇ ಬೇಕು.

ಸೇಂಟ್ ಲೂಯಿಸ್‌ಗೆ ಒಂದು ಇಡೀ ದಿನ ಕೊಡಿ. 1860ರಲ್ಲಿ ಈ ಊರಿನ ಜನಸಂಖ್ಯೆ ಸುಮಾರು 1 ಲಕ್ಷ 60 ಸಾವಿರ. ಅದರಲ್ಲಿ ಸುಮಾರು 50 ಸಾವಿರ ಜನ ಜರ್ಮನಿಯಲ್ಲಿ ಹುಟ್ಟಿದವರು. ಬಹಳಷ್ಟು ಜನ ಭೂಮಿ, ಕೆಲಸ ಹುಡುಕಿಕೊಂಡು ಬಂದಿದ್ದರು. ಆದರೆ ಅವರಿಗೆ ದಾರಿ ತೋರಿದವರಲ್ಲಿ ಕೆಲವರ ಹಿನ್ನೆಲೆ ಬೇರೆಯದೇ. 1848ರಲ್ಲಿ ಜರ್ಮನ್ ರಾಜ್ಯಗಳಲ್ಲಿ ಅರಸರ ವಿರುದ್ಧ ಕ್ರಾಂತಿ ಎದ್ದಿತು. ಸಂವಿಧಾನ ಬೇಕು, ಒಗ್ಗಟ್ಟಿನ ದೇಶ ಬೇಕು ಎಂದು ಜನ ಹೋರಾಡಿದರು. ಮರುವರ್ಷದ ಹೊತ್ತಿಗೆ ಅದು ನೆಲಕಚ್ಚಿತು. ಸೋತವರು ದೇಶ ಬಿಟ್ಟು ಓಡಬೇಕಾಯಿತು. ಬಾಡೆನ್ ಪ್ರಾಂತ್ಯದ ಕ್ರಾಂತಿಸೇನೆಯಲ್ಲಿ ಮುಂದಾಳಾಗಿದ್ದ ಫ್ರಾಂಝ್ ಸಿಗೆಲ್ ಕೊನೆಗೆ ಸೇಂಟ್ ಲೂಯಿಸ್‌ಗೆ ಬಂದು ಶಾಲಾ ಮಾಸ್ತರನಾದ. ಅದೇ ಕ್ರಾಂತಿಯ ಇನ್ನೊಬ್ಬ ನಾಯಕ ಫ್ರೀಡ್ರಿಕ್ ಹೆಕರ್ ನದಿಯಾಚೆ ಇಲಿನಾಯ್‌ನಲ್ಲಿ ಹೊಲ ಮಾಡಿಕೊಂಡಿದ್ದ. ಕಾರ್ಲ್ ಮಾರ್ಕ್ಸ್‌ನ ಸ್ನೇಹಿತ ಯೋಸೆಫ್ ವೈಡೆಮೆಯರ್ ಕೂಡ ಇದೇ ಮಿಸೌರಿಯ ಪಡೆಯೊಂದನ್ನು ಮುನ್ನಡೆಸಿದ.

ಇವರು ಸೇರುತ್ತಿದ್ದುದು ಟರ್ನರ್ ಸಂಘಗಳಲ್ಲಿ. ನಮ್ಮ ಗರಡಿಮನೆ ಇದ್ದ ಹಾಗೆ ಎಂದುಕೊಳ್ಳಿ. ಅಲ್ಲಿ ವ್ಯಾಯಾಮವೂ ನಡೆಯುತ್ತಿತ್ತು, ರಾಜಕೀಯದ ಮಾತೂ ನಡೆಯುತ್ತಿತ್ತು. 1861ರ ಆರಂಭದಲ್ಲಿ ಅಲ್ಲೇ ಕವಾಯತೂ ಶುರುವಾಯಿತು. ಯಾಕೆಂದರೆ ಮಿಸೌರಿ ಗುಲಾಮಗಿರಿ ಇದ್ದ ರಾಜ್ಯ. ರಾಜ್ಯಪಾಲ ಕ್ಲೈಬೋರ್ನ್ ಜಾಕ್ಸನ್‌ನ ಮನಸ್ಸು ದಕ್ಷಿಣದವರ ಕಡೆ, ಅಂದರೆ ಗುಲಾಮಗಿರಿ ಉಳಿಸಿಕೊಳ್ಳಲು ದೇಶದಿಂದ ಬೇರೆಯಾದ ರಾಜ್ಯಗಳ ಕಡೆ ಇತ್ತು. ಊರಿನಲ್ಲಿ ಸರ್ಕಾರದ ದೊಡ್ಡ ಶಸ್ತ್ರಾಗಾರ ಇತ್ತು. ಅದು ಯಾರ ಕೈಗೆ ಸಿಗುತ್ತದೆ ಎನ್ನುವುದೇ ದೊಡ್ಡ ಪ್ರಶ್ನೆ.

1861ರ ಮೇ 10ರಂದು ನಥಾನಿಯಲ್ ಲಯಾನ್ ಎಂಬ ಸೇನಾಧಿಕಾರಿ ಈ ಜರ್ಮನ್ ಪಡೆಗಳನ್ನು ಕರೆದುಕೊಂಡು ಹೋಗಿ, ಊರ ಹೊರಗೆ ಬೀಡುಬಿಟ್ಟಿದ್ದ ರಾಜ್ಯಪಾಲನ ಪಡೆಯನ್ನು ಸೆರೆಹಿಡಿದ. ಸುಮಾರು 670 ಜನ ಒಂದು ಗುಂಡೂ ಹಾರಿಸದೆ ಶರಣಾದರು. ಆದರೆ ಕೈದಿಗಳನ್ನು ಮೆರವಣಿಗೆಯಲ್ಲಿ ಕರೆತರುವಾಗ ರಸ್ತೆ ಬದಿಯಲ್ಲಿ ಜನ ಸೇರಿದರು. ಬೈಗುಳ, ಕಲ್ಲು, ಆಮೇಲೆ ಗುಂಡು. ಪಡೆಗಳು ಗುಂಪಿನ ಮೇಲೆ ತಿರುಗಿ ಗುಂಡು ಹಾರಿಸಿದವು. ಸುಮಾರು 28 ಜನ ಸತ್ತರು, ಹೆಚ್ಚಿನವರು ಸಾಮಾನ್ಯ ಜನ. ಜರ್ಮನ್ನರ ವೀರಗಾಥೆ ಹೇಳುವವರು ಈ ಭಾಗವನ್ನು ಬೇಗ ದಾಟಿಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಆ ಶಿಬಿರ ಇದ್ದ ಜಾಗ ಈಗ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದ ಆವರಣಕ್ಕೆ ಸೇರಿದೆ. ಶಿಬಿರ ಅಂತ ನೋಡಲು ಅಲ್ಲಿ ಏನೂ ಉಳಿದಿಲ್ಲ. ಆದರೂ ಆ ರಸ್ತೆಯಲ್ಲಿ ಸ್ವಲ್ಪ ನಡೆದು ಹೋಗಿ. ಲಯಾನ್‌ನ ಪ್ರತಿಮೆಯನ್ನು 1960ರಲ್ಲಿ ಅಲ್ಲಿಂದ ತೆಗೆದು ಲಯಾನ್ ಪಾರ್ಕ್‌ನಲ್ಲಿ ಇಟ್ಟಿದ್ದಾರೆ. ಹಳೆಯ ಶಸ್ತ್ರಾಗಾರ ಇರುವುದು ಅದರ ಎದುರಿಗೇ. ಅದರ ಒಳಗೆ ಹೋಗುವ ಯೋಚನೆ ಬಿಡಿ, ಪಾರ್ಕ್‌ನಿಂದ ನೋಡಿದರೆ ಸಾಕು.

ಸಿಗೆಲ್‌ನ ಕುದುರೆ ಪ್ರತಿಮೆ ಫಾರೆಸ್ಟ್ ಪಾರ್ಕ್‌ನಲ್ಲಿದೆ, 1906ರದ್ದು. ಅದರ ಕೆಳಗಿನ ಬರಹ ಓದಿ. ಸೇಂಟ್ ಲೂಯಿಸ್ ಸುತ್ತಿನ ಜರ್ಮನ್ ಅಮೆರಿಕನ್ನರ ಶೌರ್ಯವನ್ನು ಮುಂದಿನ ತಲೆಮಾರಿಗೆ ನೆನಪಿಸಲು ಎಂದು ಬರೆದಿದೆ. ನನಗೆ ಪ್ರತಿಮೆಗಿಂತ ಆ ಮಾತೇ ಹಿಡಿಸಿತು. ಕುದುರೆ ಮೇಲೆ ಕೂತವನು ಒಬ್ಬ, ನೆನಪು ಮಾತ್ರ ಎಲ್ಲರದು. ಪಾರ್ಕ್ ತುಂಬಾ ದೊಡ್ಡದು, ಮ್ಯಾಪ್‌ನಲ್ಲಿ ಪ್ರತಿಮೆಯ ಹೆಸರು ಹಾಕಿಯೇ ಹೋಗಿ. ಮಕ್ಕಳಿದ್ದರೆ ಅಲ್ಲೇ ಇರುವ ಝೂಗೆ ಪ್ರವೇಶ ಉಚಿತ. ಹೆಕರ್‌ನ ಸ್ಮಾರಕ ಬೆಂಟನ್ ಪಾರ್ಕ್‌ನಲ್ಲಿದೆ. ಸಮಯ ಕಡಿಮೆ ಇದ್ದರೆ ಅದನ್ನು ಬಿಡಬಹುದು. ಆದರೆ ಡೌನ್‌ಟೌನ್‌ನ ಹಳೆಯ ಕೋರ್ಟ್ ಕಟ್ಟಡವನ್ನು ಬಿಡಬೇಡಿ. ಡ್ರೆಡ್ ಸ್ಕಾಟ್ ಎಂಬ ಗುಲಾಮ ತನ್ನ ಬಿಡುಗಡೆಗಾಗಿ ಕೇಸು ನಡೆಸಿದ್ದು ಅಲ್ಲಿ. ಜಗಳ ಯಾವುದರ ಬಗ್ಗೆ ಇತ್ತು ಎನ್ನುವುದನ್ನು ಆ ಕಟ್ಟಡ ನೇರವಾಗಿ ಹೇಳುತ್ತದೆ.

ಸಸ್ಯಾಹಾರಿಗಳಿಗೆ ಒಂದು ಮಾತು. ಸೇಂಟ್ ಲೂಯಿಸ್‌ನಲ್ಲಿ, ಅದರಲ್ಲೂ ಪಶ್ಚಿಮದ ಬಡಾವಣೆಗಳಲ್ಲಿ, ಭಾರತೀಯ ಅಂಗಡಿ, ಹೋಟೆಲ್ ಸಿಗುತ್ತವೆ. ಅಲ್ಲಿಂದ ಹೊರಟ ಮೇಲೆ ಕಷ್ಟ. ಚಪಾತಿ, ಪುಳಿಯೋಗರೆ, ಮೊಸರು ಕಟ್ಟಿಕೊಂಡು ಹೋಗಿ.

ಎರಡನೇ ದಿನ ಹರ್ಮನ್. ಸೇಂಟ್ ಲೂಯಿಸ್‌ನಿಂದ ಸುಮಾರು 80 ಮೈಲಿ. ಫಿಲಡೆಲ್ಫಿಯಾದ ಜರ್ಮನ್ನರ ಸಂಘವೊಂದು 1830ರ ದಶಕದಲ್ಲಿ ಜಮೀನು ಕೊಂಡು ಕಟ್ಟಿದ ಊರು ಇದು. ಮಿಸೌರಿ ನದಿ ದಡ, ಗುಡ್ಡದ ಮೇಲೆ ದ್ರಾಕ್ಷಿ ತೋಟ, ಇಟ್ಟಿಗೆಯ ಹಳೆಯ ಮನೆಗಳು. ಡಾಯ್ಚ್‌ಹೈಮ್ ಎಂಬ ಹೆಸರಿನಲ್ಲಿ ರಾಜ್ಯ ಸರ್ಕಾರ ಎರಡು ಮನೆಗಳನ್ನು ಕಾಪಾಡಿದೆ. ಅದರಲ್ಲಿ ಸ್ಟ್ರೇಲಿ ಕುಟುಂಬದ ಮನೆಯಲ್ಲಿ ಜರ್ಮನ್ ಪತ್ರಿಕೆ ಅಚ್ಚಾಗುತ್ತಿತ್ತು. ಗುಲಾಮಗಿರಿ ಇರುವ ರಾಜ್ಯದಲ್ಲೇ ಕೂತು ಗುಲಾಮಗಿರಿ ವಿರುದ್ಧ ಬರೆದ ಪತ್ರಿಕೆ ಅದು. ಸಿಪಾಯಿಗಳ ತಲೆಯೊಳಗೆ ಏನಿತ್ತು ಎಂದು ತಿಳಿಯಲು ಯುದ್ಧಭೂಮಿಗಿಂತ ಈ ಮನೆ ಒಳ್ಳೆಯದು. ಗೈಡ್ ಜೊತೆಗೇ ನೋಡಿ. ತೆರೆಯುವ ಸಮಯ ಋತುವಿನ ಪ್ರಕಾರ ಬದಲಾಗುತ್ತದೆ, ಮೊದಲೇ ಫೋನ್ ಮಾಡಿ.

ಕೋರ್ಟ್ ಮುಂದೆ ಒಂದು ಸಣ್ಣ ಫಿರಂಗಿ ಇದೆ. ಊರಿನವರು ಅದರ ಕಥೆಯನ್ನು ಪ್ರೀತಿಯಿಂದ ಹೇಳುತ್ತಾರೆ. 1864ರ ಅಕ್ಟೋಬರ್‌ನಲ್ಲಿ ದಕ್ಷಿಣದ ಸೇನೆ ಈ ಕಡೆ ನುಗ್ಗಿತು. ಊರಿನ ಗಟ್ಟಿ ಗಂಡಸರೆಲ್ಲ ಸೇನೆಯಲ್ಲಿದ್ದರು. ಉಳಿದ ಮುದುಕರು ಈ ಫಿರಂಗಿಯನ್ನು ಒಂದು ಗುಡ್ಡದಿಂದ ಹಾರಿಸಿ, ಎಳೆದುಕೊಂಡು ಇನ್ನೊಂದು ಗುಡ್ಡಕ್ಕೆ ಹೋಗಿ ಮತ್ತೆ ಹಾರಿಸಿದರು. ದೊಡ್ಡ ಪಡೆಯೇ ಇದೆ ಎಂದು ಶತ್ರು ಸ್ವಲ್ಪ ಹೊತ್ತು ತಡೆದು ನಿಂತನಂತೆ.

ಮೇ ಮತ್ತು ಅಕ್ಟೋಬರ್ ವಾರಾಂತ್ಯಗಳಲ್ಲಿ ಹರ್ಮನ್‌ಗೆ ಹಬ್ಬದ ಜನಜಂಗುಳಿ. ರೂಮು ಸಿಗುವುದಿಲ್ಲ, ಸಿಕ್ಕರೂ ದುಬಾರಿ. ವಾರದ ನಡುವೆ ಹೋಗಿ. ಕಾರು ಓಡಿಸುವವರು ವೈನ್ ರುಚಿ ನೋಡುವುದನ್ನು ರಾತ್ರಿ ತಂಗುವ ಜಾಗಕ್ಕೆ ಬಿಡಿ.

ಹರ್ಮನ್‌ನಿಂದ 19ನೇ ನಂಬರ್ ರಸ್ತೆ ಹಿಡಿದು ದಕ್ಷಿಣಕ್ಕೆ ಹೋದರೆ ಕ್ಯೂಬಾ ಎಂಬ ಊರಲ್ಲಿ ಐ-44 ಹೆದ್ದಾರಿ ಸಿಗುತ್ತದೆ. ಮುಂದೆ ರೋಲಾ. 1861ರಲ್ಲಿ ರೈಲು ಅಲ್ಲಿಗೇ ಮುಗಿಯುತ್ತಿತ್ತು. ಅಲ್ಲಿಂದ ಸ್ಪ್ರಿಂಗ್‌ಫೀಲ್ಡ್‌ಗೆ ನೂರಕ್ಕೂ ಹೆಚ್ಚು ಮೈಲಿ. ಅದನ್ನು ಸಿಪಾಯಿಗಳು ಬೇಸಿಗೆಯ ಬಿಸಿಲಲ್ಲಿ ಹೆಗಲ ಮೇಲೆ ಬಂದೂಕು ಹೊತ್ತು ನಡೆದರು. ಎಸಿ ಕಾರಲ್ಲಿ ನಮಗೆ ಎರಡು ಗಂಟೆ ಸಾಕು.

ವಿಲ್ಸನ್ಸ್ ಕ್ರೀಕ್ ಈ ಪ್ರವಾಸದ ಹೃದಯ. 1861ರ ಆಗಸ್ಟ್ 10. ಲಯಾನ್ ಹತ್ತಿರ ಸುಮಾರು 5,400 ಜನ, ಎದುರಿಗೆ ಅದರ ಎರಡು ಪಟ್ಟು. ಆದರೂ ಆತ ಪಡೆಯನ್ನು ಎರಡಾಗಿ ಒಡೆದ. ತಾನು ಉತ್ತರದಿಂದ ಹೊಡೆಯುವುದು, ಸಿಗೆಲ್ ಸುಮಾರು 1,200 ಜನರೊಂದಿಗೆ ರಾತ್ರಿಯೆಲ್ಲ ನಡೆದು ದಕ್ಷಿಣದಿಂದ ಹಿಂಬದಿಗೆ ಬೀಳುವುದು. ಮೊದಲು ಎಲ್ಲ ಅಂದುಕೊಂಡಂತೆಯೇ ನಡೆಯಿತು. ಬೆಳಗಿನ ಹೊತ್ತು ಸಿಗೆಲ್‌ನ ಫಿರಂಗಿಗಳು ಶತ್ರುವಿನ ಕುದುರೆ ಶಿಬಿರವನ್ನು ಚದುರಿಸಿದವು. ಆಮೇಲೆ ಬೂದು ಬಟ್ಟೆಯ ಪಡೆಯೊಂದು ಅವರ ಕಡೆ ನಡೆದುಬಂತು. ಲಯಾನ್ ಕಡೆಯ ಅಯೋವಾ ಪಡೆಯೂ ಬೂದು ಬಟ್ಟೆಯಲ್ಲೇ ಇತ್ತು. ನಮ್ಮವರೇ ಬಂದರು ಎಂದುಕೊಂಡು ಸಿಗೆಲ್‌ನ ಜನ ಗುಂಡು ಹಾರಿಸಲಿಲ್ಲ. ಬಂದದ್ದು ದಕ್ಷಿಣದ ಸೇನಾಪತಿ ಬೆಂಜಮಿನ್ ಮೆಕಲಕ್ ಕರೆತಂದ ಲೂಸಿಯಾನಾ ಪಡೆ. ಹತ್ತಿರಕ್ಕೆ ಬಂದು ಗುಂಡಿನ ಮಳೆ ಸುರಿಸಿತು. ಜರ್ಮನ್ನರು ಫಿರಂಗಿಗಳನ್ನು ಬಿಟ್ಟು ದಿಕ್ಕಾಪಾಲಾದರು. ಅತ್ತ ಬ್ಲಡಿ ಹಿಲ್ ಮೇಲೆ ಲಯಾನ್ ಸತ್ತ. ಈ ಯುದ್ಧದಲ್ಲಿ ಕಾಳಗದಲ್ಲಿ ಮಡಿದ ಉತ್ತರದ ಮೊದಲ ಜನರಲ್ ಆತ.

ಪಾರ್ಕ್‌ನಲ್ಲಿ ಸುಮಾರು 5 ಮೈಲಿಯ ಸುತ್ತು ರಸ್ತೆ ಇದೆ, ಎಂಟು ನಿಲ್ದಾಣ. ಮೊದಲು ವಿಸಿಟರ್ ಸೆಂಟರ್‌ಗೆ ಹೋಗಿ, ಶುಲ್ಕ ಕಟ್ಟಿ, ಅಲ್ಲಿನ ಮ್ಯೂಸಿಯಂ ನೋಡಿ ಆಮೇಲೆ ಹೊರಡಿ. ಸಿಗೆಲ್ ನಿಂತ ಎರಡು ಜಾಗಗಳನ್ನು ಜನ ಕಾರಿನಿಂದಲೇ ನೋಡಿ ಮುಂದೆ ಹೋಗುತ್ತಾರೆ. ನೀವು ಇಳಿಯಿರಿ. ಕೆಳಗಿನ ಬಯಲನ್ನು ನೋಡಿದರೆ ಆ ಗೊಂದಲ ಯಾಕಾಯಿತು ಎಂದು ಅರ್ಥವಾಗುತ್ತದೆ. ನೆಲ ಏರಿಳಿತದ್ದು, ಎದುರಿನಿಂದ ಬರುವವನು ಹತ್ತಿರವಾಗುವವರೆಗೆ ಸರಿಯಾಗಿ ಕಾಣುವುದಿಲ್ಲ. ಬ್ಲಡಿ ಹಿಲ್‌ನಲ್ಲಿ ಕಾಲುದಾರಿ ಇದೆ, ಪೂರ್ತಿ ನಡೆಯಿರಿ. ರೇ ಕುಟುಂಬದ ಮನೆ ಹಾಗೇ ಉಳಿದಿದೆ. ಯುದ್ಧದ ಹೊತ್ತು ಹೆಂಡತಿ ಮಕ್ಕಳು ನೆಲಮಾಳಿಗೆಯಲ್ಲಿ ಅಡಗಿದ್ದರು, ಯಜಮಾನ ಜಗಲಿಯಿಂದ ನೋಡುತ್ತಿದ್ದ.

ಈ ಸೋಲಿಗೆ ಜರ್ಮನ್ನರನ್ನು ಬಹಳ ಜನ ಹೀಯಾಳಿಸಿದರು. ಹೇಡಿಗಳು, ಕೂಲಿಗೆ ಬಂದವರು ಎಂದರು. ನನಗೆ ಇದು ನ್ಯಾಯ ಅನ್ನಿಸುವುದಿಲ್ಲ. ಮೂರು ತಿಂಗಳಿಗೆಂದು ಸೇರಿದ ಅನುಭವಿಗಳಲ್ಲಿ ಎಷ್ಟೋ ಜನ ಅವಧಿ ಮುಗಿದು ಮನೆಗೆ ಹೋಗಿದ್ದರು. ಅವರ ಜಾಗಕ್ಕೆ ಬಂದವರು ಹೊಸಬರು. ಸಿಗೆಲ್‌ನದು ತಪ್ಪಿಲ್ಲ ಎಂದಲ್ಲ. ಆದರೆ ಸೇನಾಪತಿಯ ತಪ್ಪಿಗೆ ಒಂದು ಇಡೀ ಸಮುದಾಯದ ಮೇಲೆ ಬೊಟ್ಟು ಮಾಡುವುದು ವಲಸೆ ಹೋದವರಿಗೆ ಇಂದಿಗೂ ಗೊತ್ತಿರುವ ಅನುಭವವೇ ಅಲ್ವಾ?

ಒಂದು ಎಚ್ಚರಿಕೆ. ಓಝಾರ್ಕ್ ಬೆಟ್ಟಸೀಮೆಯಲ್ಲಿ ಬೇಸಿಗೆಯಲ್ಲಿ ಉಣ್ಣಿಗಳ (ರಕ್ತ ಹೀರುವ ಹುಳು) ಕಾಟ ಜಾಸ್ತಿ. ಉದ್ದ ಪ್ಯಾಂಟ್ ಹಾಕಿ, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಸ್ಪ್ರೇ ಹಚ್ಚಿ. ಹುಲ್ಲಿಗೆ ಇಳಿಯಬೇಡಿ, ಸಂಜೆ ಮೈಕೈ ನೋಡಿಕೊಳ್ಳಿ. ಆಗಸ್ಟ್ ಬಿಸಿಲು ನೀರು ಇಳಿಸುತ್ತದೆ. ಏಪ್ರಿಲ್ ಅಥವಾ ಅಕ್ಟೋಬರ್ ಒಳ್ಳೆಯದು. ರಾತ್ರಿ ಸ್ಪ್ರಿಂಗ್‌ಫೀಲ್ಡ್‌ನಲ್ಲೇ ಉಳಿಯಿರಿ.

ಅಲ್ಲಿಂದ ಪೀ ರಿಜ್‌ಗೆ ಸುಮಾರು ಎರಡು ಗಂಟೆ. ಮೊನೆಟ್, ಕ್ಯಾಸ್‌ವಿಲ್ ಮಾರ್ಗವಾಗಿ ಹೋಗಿ. ಆಗಿನ ಕಾಲದ ಟೆಲಿಗ್ರಾಫ್ ರಸ್ತೆ ಎರಡೂ ಯುದ್ಧಭೂಮಿಗಳ ಮೂಲಕ ಹಾದುಹೋಗಿತ್ತು. ಎರಡೂ ಪಾರ್ಕ್‌ಗಳಲ್ಲಿ ಅದರ ತುಂಡುಗಳು ಇವೆ.

1862ರ ಮಾರ್ಚ್ 7 ಮತ್ತು 8ರಂದು ಇಲ್ಲಿ ನಡೆದ ಕಾಳಗದಲ್ಲಿ ಸ್ಯಾಮ್ಯುಯೆಲ್ ಕರ್ಟಿಸ್ ಉತ್ತರದ ಸೇನಾಪತಿ. ಸಿಗೆಲ್ ಅವನ ಕೈಕೆಳಗೆ. ಮೊದಲ ದಿನ ಲೀಟೌನ್ ಬಳಿ ಕೋಬ್ಲೆನ್ಝ್‌ನಲ್ಲಿ ಹುಟ್ಟಿದ ಪೀಟರ್ ಓಸ್ಟರ್‌ಹೌಸ್ ದಕ್ಷಿಣದ ದೊಡ್ಡ ಪಡೆಯನ್ನು ತಡೆದು ನಿಂತ. ವಿಲ್ಸನ್ಸ್ ಕ್ರೀಕ್‌ನಲ್ಲಿ ಸಿಗೆಲ್‌ನನ್ನು ಓಡಿಸಿದ್ದ ಮೆಕಲಕ್ ಅಲ್ಲೇ ಸತ್ತ. ಎರಡನೇ ದಿನ ಸಿಗೆಲ್ ಫಿರಂಗಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಹೊಡೆದ. ಆಮೇಲೆ ಕಾಲಾಳುಗಳು ಎಲ್ಕ್‌ಹಾರ್ನ್ ಛತ್ರದ ಕಡೆಗೆ ನುಗ್ಗಿದರು. ಮಿಸೌರಿ ಉತ್ತರದ ಕೈಯಲ್ಲೇ ಉಳಿಯಿತು. ಸಿಗೆಲ್‌ನ ಹೆಸರಿನಲ್ಲಿ ಎಷ್ಟೋ ಸೋಲುಗಳಿವೆ. ಈ ಒಂದು ಬೆಳಗ್ಗೆ ಮಾತ್ರ ಅವನದೇ. ಈಸ್ಟ್ ಓವರ್‌ಲುಕ್‌ನಿಂದ ನೋಡಿದರೆ ಆ ಹೊಲಗಳೆಲ್ಲ ಒಟ್ಟಿಗೆ ಕಾಣುತ್ತವೆ. ಇಲ್ಲಿನ ಸುತ್ತು ರಸ್ತೆ ಸುಮಾರು 7 ಮೈಲಿ, ಅರ್ಧ ದಿನ ಸಾಕು.

ಆಮೇಲೆ ಬೆಂಟನ್‌ವಿಲ್‌ಗೆ ಇಳಿಯಿರಿ. ವಾಲ್‌ಮಾರ್ಟ್ ಕೇಂದ್ರ ಕಚೇರಿ ಇರುವ ಊರು, ಐಟಿ ಕೆಲಸದ ನಮ್ಮವರು ತುಂಬಾ ಇದ್ದಾರೆ, ಬಿಸಿ ಊಟ ಸಿಗುತ್ತದೆ. ಹತ್ತಿರದಲ್ಲೇ ವಿಮಾನ ನಿಲ್ದಾಣವೂ ಇದೆ. ಆದರೆ ಬಾಡಿಗೆ ಕಾರನ್ನು ಬೇರೆ ಊರಲ್ಲಿ ಬಿಟ್ಟರೆ ಹೆಚ್ಚು ದುಡ್ಡು ಕೇಳುತ್ತಾರೆ. ಬುಕ್ ಮಾಡುವಾಗಲೇ ಲೆಕ್ಕ ಹಾಕಿ.

ಸೇಂಟ್ ಲೂಯಿಸ್‌ಗೇ ವಾಪಸ್ ಹೋಗುವವರು ಪಕ್ಕದ ಸೇಂಟ್ ಚಾರ್ಲ್ಸ್‌ನಲ್ಲಿ ಒಂದು ಸಂಜೆ ಕಳೆಯಬಹುದು. ಆರ್ನಾಲ್ಡ್ ಕ್ರೆಕೆಲ್ ಇದ್ದ ಊರು. ಜರ್ಮನಿಯಲ್ಲಿ ಹುಟ್ಟಿ ಮಿಸೌರಿಯಲ್ಲಿ ವಕೀಲನಾಗಿ ಬೆಳೆದವನು. 1865ರ ಜನವರಿ 11ರಂದು ಮಿಸೌರಿಯಲ್ಲಿ ಗುಲಾಮಗಿರಿಯನ್ನು ರದ್ದು ಮಾಡಿದ ಸಭೆಗೆ ಅವನೇ ಅಧ್ಯಕ್ಷ.

ಟೆಕ್ಸಸ್‌ನಲ್ಲಿರುವ ಕನ್ನಡಿಗರಿಗೆ ಇಷ್ಟು ದೂರ ಕಷ್ಟವಾದರೆ ಕಂಫರ್ಟ್ ಎಂಬ ಸಣ್ಣ ಊರಿಗೆ ಹೋಗಿ. ದಕ್ಷಿಣದ ಸೇನೆ ಸೇರಲು ಒಪ್ಪದೆ ಮೆಕ್ಸಿಕೋ ಕಡೆ ಹೊರಟಿದ್ದ ಜರ್ಮನ್ನರ ಮೇಲೆ 1862ರ ಆಗಸ್ಟ್ 10ರಂದು ನ್ಯೂಎಸೆಸ್ ನದಿಯ ಬಳಿ ದಾಳಿ ನಡೆಯಿತು. ಗಾಯಗೊಂಡು ಸಿಕ್ಕವರನ್ನೂ ಕೊಂದರು. ಯುದ್ಧ ಮುಗಿದ ಮೇಲೆ ಮನೆಯವರು ಹೋಗಿ ಮೂಳೆಗಳನ್ನು ಆರಿಸಿ ತಂದು, 1866ರಲ್ಲಿ ಸ್ಮಾರಕ ಕಟ್ಟಿದರು. ಅದರ ಮೇಲಿನ ಬರಹ ಜರ್ಮನ್ ಭಾಷೆಯಲ್ಲಿದೆ. ಹೈ ಸ್ಟ್ರೀಟ್‌ನಲ್ಲೇ ಇದೆ, ಸ್ಯಾನ್ ಆಂಟೋನಿಯೋದಿಂದ ಐ-10 ಹಿಡಿದರೆ ಸುಮಾರು ಒಂದು ಗಂಟೆ.